ಕೋವಿಯ ಮರದ ಜಿಂಕೆಗಳು

ನನ್ನ ಗಂಡನೂ ಅವರ ತಂಗಿಯೂ ಮಾತು ಬಿಟ್ಟದ್ದು ಒಂದು ಕಿಟಕಿಯ ದೆಸೆಯಿಂದ. ಮನೆಯ ಹಿಂದಿನ ಕೋಣೆಗೆ ಇರುವುದು ಅದೊಂದೇ ಕಿಟಕಿ. ಅದರ ಕೆಳಗೆ ನನ್ನ ನಾದಿನಿಯ ಮೇಜು. ಅವಳು ಮೂಳೆಯಲ್ಲಿ ಬಾಚಣಿಗೆ, ಗುಂಡಿ, ಚಾಕುವಿನ ಹಿಡಿ ಮಾಡುತ್ತಾಳೆ. ಬೀದಿಯವರು ಅವಳನ್ನು ಕರೆಯುವುದೇ ಬಾಚಣಿಗೆ ಎಂದು. ಈಚೆಗೆ ಮೂಳೆ ಸಾಮಾನು ಕೇಳಿಕೊಂಡು ಬರುವವರು ಕಡಿಮೆಯಾಗಿದ್ದರು. ನನ್ನ ಗಂಡ ಬಡಗಿ. ಮರ ಕೊಯ್ಯುವ ಮಿಷಿನ್ ತರಬೇಕು, ಅದನ್ನು ಆ ಕಿಟಕಿಯ ಕೆಳಗೇ ಇಡಬೇಕು ಎಂದು ಅವರು ಹಟ ಹಿಡಿದರು.

"ಮೇಜು ಎತ್ತಿದ್ರೆ ನಾನೂ ಎದ್ದು ಹೋಗ್ತೀನಿ" ಎಂದಳು ನಾದಿನಿ.

"ಎಲ್ಲಿಗೆ?" ಎಂದರು ಇವರು.

ಆ ಪ್ರಶ್ನೆಯ ಮೇಲೆ ಇಬ್ಬರ ಮಾತೂ ನಿಂತುಹೋಯಿತು.

ಅಲ್ಲಿಂದ ನಾನು ಅಂಚೆಯವಳಾದೆ. "ಅತ್ತಿಗೆ, ಸರೇಸಿನ ಅಂಟು ಕುದಿಸಿದ್ದಾನಾ ಕೇಳಿ." "ಲೇ, ಕುದಿಸಿ ಇಟ್ಟಿದ್ದೀನಿ ಅನ್ನು." ಇಬ್ಬರೂ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ ಕೂತಿರುತ್ತಿದ್ದರು. ಮಧ್ಯೆ ನಾನು, ಕೈಯಲ್ಲಿ ಸೌಟು.

ನಿವೃತ್ತ ಸರ್ವೇಯರ್ ಒಬ್ಬರು ಮನೆ ಹುಡುಕಿಕೊಂಡು ಬಂದದ್ದು ಆ ದಿನಗಳಲ್ಲಿ. ಅವರಿಗೆ ಬತ್ತಿ ಕೋವಿ ಬೇಕಿತ್ತು: ಹೊತ್ತಿಸಿದ ಬತ್ತಿಯನ್ನು ಮದ್ದಿಗೆ ತಾಗಿಸಿ ಹಾರಿಸುವ, ಹಳೆಯ ಕಾಲದ್ದು. ಅವರೂ ಅವರ ಸ್ನೇಹಿತರೂ ಊರ ಹೊರಗಿನ ಬಯಲಿನಲ್ಲಿ ಕಾಗದದ ಗುರಿಗೆ ಅಂಥವನ್ನು ಹಾರಿಸುತ್ತಾರಂತೆ. ನಳಿಗೆ ಇತ್ತು, ಬತ್ತಿ ಹಿಡಿಯುವ ಕೊಕ್ಕೆ ಇತ್ತು, ಪರವಾನಗಿಯೂ ಇತ್ತು. ಇಲ್ಲದ್ದು ಅವನ್ನು ಕೂರಿಸಿ ಭುಜಕ್ಕೆ ಆನಿಸುವ ಮರ.

"ಮರದ ಮೇಲೆ ಮೂಳೆ ಕೂರಿಸಿದ ಬೇಟೆ ಚಿತ್ರ ಬೇಕು. ಮುಂದೆ ಜಿಂಕೆ, ಹಿಂದೆ ನಾಯಿ. ಚೆನ್ನಾಗಿ ಬಂದ್ರೆ ನಮ್ಮವರೆಲ್ಲ ನಿಮ್ಮಲ್ಲಿಗೇ ಬರ್ತಾರೆ" ಎಂದರು.

ಅವರು ಹೋದ ಮೇಲೆ ನನ್ನ ಗಂಡ ಗೋಡೆ ನೋಡುತ್ತ ನನಗೆ ಹೇಳಿದರು. "ಈ ಕೆಲಸ ದಡ ಸೇರಿದ್ರೆ ಅವಳ ಮೇಜು ಇರ್ಲಿ. ಕೆಟ್ರೆ ಮಿಷಿನ್. ಹೇಳ್ಬಿಡು."

"ಆಗ್ಲಿ ಅನ್ನಿ ಅತ್ತಿಗೆ" ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ.

ಕಟುಕನ ಅಂಗಡಿಯಿಂದ ಎತ್ತಿನ ಕಾಲುಮೂಳೆ ಬಂತು. ಅದರ ಜಿಡ್ಡು ಹೋಗುವವರೆಗೆ ಕುದಿಸಬೇಕು, ಇಲ್ಲದಿದ್ದರೆ ಸರೇಸು ಹಿಡಿಯುವುದಿಲ್ಲ. ನನ್ನ ದೊಡ್ಡ ಪಾತ್ರೆ ಮೂಳೆಪಾಲಾಯಿತು. ಪಕ್ಕದ ಮನೆಯವಳು ಮೂಗು ಮುಚ್ಚಿಕೊಂಡು, "ಏನ್ರೀ ಅಡುಗೆ ಇವತ್ತು?" ಎಂದು ಕೇಳಿದಳು. "ಕೋವಿ" ಎಂದೆ. ಆಮೇಲೆ ಅವಳು ಏನೂ ಕೇಳಲಿಲ್ಲ.

ನಾದಿನಿ ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಜಿಂಕೆ, ಮೊಲ, ನಾಯಿ ಬರೆದು ಕೊಟ್ಟಳು. ನಾನು ಒಯ್ದು ಇವರಿಗೆ ಕೊಟ್ಟೆ. ಇವರು ಅದನ್ನು ಇದ್ದ ಹಾಗೇ ಅಕ್ರೋಟಿನ ಮರದ ಮೇಲಿಟ್ಟು, ಗೆರೆಗಳ ಮೇಲೆ ಸೂಜಿ ಚುಚ್ಚಿ ಇಳಿಸಿಕೊಂಡು ಕಾಗದ ವಾಪಸು ಕಳಿಸಿದರು. ಅವಳು ತಂತಿಗರಗಸ ಹಿಡಿದು ಮೂಳೆ ಕತ್ತರಿಸಿದಳು, ಇವರು ಉಳಿ ಹಿಡಿದು ಮರದಲ್ಲಿ ಅವು ಕೂರುವ ಗುಳಿಗಳನ್ನು ತೋಡಿದರು. ಇಡೀ ದಿನ ಕೋಣೆಯಲ್ಲಿ ಆ ಎರಡೇ ಸದ್ದು. ಒಂದು ನಿಂತರೆ ಇನ್ನೊಂದೂ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಕೂರಿಸುವ ದಿನ ಅವಳು ಮೊದಲ ಜಿಂಕೆಯನ್ನು ಗುಳಿಯ ಮೇಲಿಟ್ಟಳು. ಕೂರಲಿಲ್ಲ. ತಿರುಗಿಸಿ ನೋಡಿದಳು. ಮಗುಚಿ ಹಾಕಿದಾಗ ಸರಿಯಾಗಿ ಕೂತಿತು. ಆದರೆ ಮೇಲೆ ಬಂದದ್ದು ಮೂಳೆಯ ಒಳಮೈ, ಸ್ಪಂಜಿನಂತೆ ತೂತುತೂತು. ಕಣ್ಣು, ಕೋಡು, ಚುಕ್ಕೆ ಕೊರೆದ ಮೇಲ್ಮೈ ಅಡಿಗೆ ಹೋಗಿತ್ತು. ಉಳಿದವೂ ಹಾಗೆಯೇ.

"ಅಣ್ಣಾ, ಏನಿದು ನೀನು ತೋಡಿಟ್ಟಿರೋದು?"

ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು. ಇಬ್ಬರೂ ಅದನ್ನು ಗಮನಿಸಲಿಲ್ಲ.

"ನೀನು ಬರೆದಿದ್ದನ್ನೇ ತೋಡಿದ್ದೀನಿ. ನಿನ್ನ ಜಿಂಕೆಗಳ ಮೂತಿನೇ ಆ ಕಡೆ ಇತ್ತು."

"ಕಾಗದದಲ್ಲಿ ಆ ಕಡೆನೇ ಇರ್ಬೇಕು! ನಾನು ಅದನ್ನ ಮೂಳೆ ಮೇಲೆ ಬೋರಲು ಹಾಕಿ ಉಜ್ಜೋದು. ಅಲ್ಲಿ ಅಚ್ಚಾದಾಗ ಮೂತಿ ಈ ಕಡೆ ಬರತ್ತೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಅದನ್ನೂ ನೋಡಿಲ್ವಾ?"

ಬಾಗಿಲಲ್ಲಿ ಸರ್ವೇಯರ್ ನಿಂತಿದ್ದರು. ಕೆಲಸ ಎಲ್ಲಿಗೆ ಬಂತು ನೋಡಲು ಬಂದವರು. ಮರ ನೋಡಿದರು, ಪಕ್ಕದಲ್ಲಿದ್ದ ಮೂಳೆಗಳನ್ನು ನೋಡಿದರು. ಒಂದು ನಾಯಿಯನ್ನು ಎತ್ತಿ ಗುಳಿಯಲ್ಲಿಟ್ಟು, ತೆಗೆದರು.

"ಇದು ಯಾರ ಕೈಚಳಕ?"

ಇವರು 'ಅವಳ ಚಿತ್ರ ಉಲ್ಟಾ ಬಂತು' ಎಂದರೆ ಸಾಕು, ಮಿಷಿನ್ ಬಂದು ಕೂರುತ್ತದೆ. ಅದು ಸುಳ್ಳೂ ಆಗುತ್ತಿರಲಿಲ್ಲ. ನಾದಿನಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

"ನಂದೇ" ಎಂದರು ನನ್ನ ಗಂಡ. "ಮೂಳೆ ತುಂಡನ್ನೇ ಮರದ ಮೇಲಿಟ್ಟು ಸುತ್ತ ಸೂಜೀಲಿ ಗೀರಿ ತೋಡ್ಬೇಕು. ಯಾವತ್ತೂ ಹಾಗೇ ಮಾಡ್ತಿದ್ದೆ. ತುಂಡು ಬೇಕಂದ್ರೆ ಇವಳ ಮೇಜಿನ ಹತ್ರ ಹೋಗ್ಬೇಕಿತ್ತು. ಹೋಗ್ಲಿಲ್ಲ."

ಸರ್ವೇಯರ್ ಗುಳಿಯ ಅಂಚಿನ ಮೇಲೆ ಬೆರಳಾಡಿಸಿದರು. "ಗುಳಿಗೆ ಹೊಂದೋ ಹಾಗೆ ಬೇರೆ ಜಿಂಕೆ ಕತ್ತರಿಸಿದ್ರಾಯ್ತಲ್ಲ?"

"ಆಗ ಅವೆಲ್ಲ ನಳಿಗೆ ಕಡೆ ಬಿಟ್ಟು ನಿಮ್ಮ ಕೆನ್ನೆ ಕಡೆಗೇ ಓಡಿ ಬರ್ತವೆ, ನಾಯಿ ಸಮೇತ" ಎಂದಳು ನಾದಿನಿ. "ಕೋವಿ ಹಿಡಿದವರನ್ನೇ ಬೇಟೆಯಾಡೋ ಚಿತ್ರ ನಾನು ಮಾಡಲ್ಲ."

ಅವರಿಗೆ ನಗು ಬಂತು, ಆದರೆ ಗಡಸಾಗಿಯೇ ಹೇಳಿದರು. "ಸರಿ, ಹೊಸ ಮರ ಹಿಡೀರಿ. ಮುಂದಿನ ತಿಂಗಳು ನಮ್ಮ ಪಂದ್ಯ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನಳಿಗೆ ತಗೊಂಡು ಹೋಗ್ತೀನಿ."

ಹೊಸ ಮರ ಕೋವಿಯ ಆಕಾರಕ್ಕೆ ಬಂದಾಗ ಅದನ್ನು ಅವಳ ಮೇಜಿನ ಮೇಲಿಟ್ಟರು. ಮೇಜು ಚಿಕ್ಕದು, ಮರದ ತುದಿ ಹೊರಗೆ ಚಾಚಿ ಅಲ್ಲಾಡುತ್ತಿತ್ತು. ನನ್ನ ಗಂಡ ತಮ್ಮ ಕೆಲಸದ ಹಲಗೆಯನ್ನು ದರದರ ಎಳೆದು ತಂದು, ಅವಳ ಮೇಜಿಗೆ ಸೇರಿಸಿ ಮೊಳೆ ಹೊಡೆದರು. ಕಿಟಕಿಯ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಒಂದೇ ಮೇಜಾಯಿತು. ನಾನು ಕಸ ಗುಡಿಸಬೇಕೆಂದರೆ ಅದರಡಿ ತೆವಳಬೇಕು.

ಅವಳು ಜಿಂಕೆಯನ್ನು ಮರದ ಮೇಲೆ ಅದುಮಿ ಹಿಡಿದಳು, ಇವರು ಸೂಜಿಯಿಂದ ಸುತ್ತ ಗೀರಿದರು.

"ಅಲ್ಲಾಡಿಸ್ಬೇಡ."

"ನಾನೆಲ್ಲಿ ಅಲ್ಲಾಡಿಸಿದೆ? ನಿನ್ನ ಸೂಜಿನೇ ಅಂಚು ಬಿಟ್ಟು ಹೋಗ್ತಿದೆ. ಕನ್ನಡಕ ಹಾಕ್ಕೋ."

"ಹಾಕ್ಕೊಂಡೇ ಇದ್ದೀನಿ ಕಣೇ."

"ಹಾಗಾದ್ರೆ ಒರೆಸ್ಕೋ."

ಒಲೆಯ ಮುಂದೆ ನಿಂತು ಇದನ್ನೆಲ್ಲ ಕೇಳಿದೆ. ಯಾರೂ ನನ್ನನ್ನು ಕರೆಯಲಿಲ್ಲ.

ಪಂದ್ಯಕ್ಕೆ ಮೊದಲೇ ಕೋವಿ ಮುಗಿಯಿತು. ಸರ್ವೇಯರ್ ಅದನ್ನು ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಜಿಂಕೆಗಳು ಓಡುವ ದಿಕ್ಕಿಗೆ ಕಿಟಕಿಯಾಚೆ ನೋಡಿದರು. ಇಳಿಸಿ, "ಇನ್ನೊಬ್ರನ್ನ ಕಳಿಸ್ತೀನಿ. ಅವರಿಗೆ ಹಕ್ಕಿ ಬೇಕಂತೆ" ಎಂದರು.

ಆ ವಾರವೇ, ಇವರು ಮೊದಲೇ ಹೇಳಿಟ್ಟಿದ್ದ ಮಿಷಿನ್ ಅಂಗಡಿಯವನ ಫೋನ್ ಬಂತು. ಗಾಡಿ ಖಾಲಿ ಇದೆ, ಇವತ್ತೇ ತಂದು ಇಳಿಸಲಾ ಎಂದು ಕೇಳಿದ.

"ಜಾಗ ಇಲ್ಲ" ಎಂದರು ನನ್ನ ಗಂಡ.

ಅವನು ಏನೋ ಕೇಳಿದ. ಇವರು ತಂಗಿಯ ಕಡೆ ನೋಡಿದರು. ಅವಳು ಮೂಳೆಯ ಪುಡಿ ಊದುತ್ತಿದ್ದಳು. ತಲೆ ಎತ್ತಲಿಲ್ಲ.

"ಅಳತೆ ತಪ್ಪಾಗಿತ್ತು. ಬೇರೆಯವರಿಗೆ ಕೊಟ್ಬಿಡಪ್ಪ" ಎಂದು ಫೋನ್ ಇಟ್ಟರು.