ಬಿಚ್ಚದ ಮಡಿಕೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಲು ಬಂದ ಹುಡುಗಿ ಸ್ಟೂಲಿನ ತುದಿಗೆ ಕೂತು, ಪುಸ್ತಕ ತೆರೆದು, ಪೀಠಿಕೆಯಿಲ್ಲದೆ ಕೇಳಿಬಿಟ್ಟಳು: "ಸರ್, ಅಷ್ಟು ಚೆನ್ನಾಗಿ ಬಾಸ್ಕೆಟ್‌ಬಾಲ್ ಆಡ್ತಿದ್ದೋರು ಆಮೇಲೆ ಯಾಕೆ ಮೂಲೆಗೆ ಬಿದ್ರಿ?"

ದರ್ಜಿ ಅಂಗಡಿಯ ಒಳಗಡೆ ಟಕಟಕ ಅನ್ನುತ್ತಿದ್ದ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಯಂತ್ರದ ಮುಂದೆ ಕೂತಿದ್ದವನು ಏಣಿಯ ಅಪ್ಪ. ಹುಡುಗಿ ಪ್ರಶ್ನೆ ಕೇಳಿದ್ದು ಅಂಗಡಿಯ ಮುಂದುಗಡೆ ಕೂತಿದ್ದ ಏಣಿಗೆ. ಏಣಿ ಅಂದರೆ ಗೋಡೆಗೆ ಒರಗಿಸುವ ಏಣಿಯಲ್ಲ. ಹದಿನಾಲ್ಕನೇ ವಯಸ್ಸಿಗೇ ಐದಡಿ ಹತ್ತಿಂಚು ಬೆಳೆದು ನಿಂತ ಹುಡುಗನಿಗೆ ಗೆಳೆಯರು ಕಟ್ಟಿದ ಹೆಸರು. ಈಗ ವಯಸ್ಸು ಮೂವತ್ತೆಂಟು, ಶಾಲೆಯಲ್ಲಿ ಆಟದ ಮೇಷ್ಟ್ರು. ಅವನ ಶಿಷ್ಯರಲ್ಲೇ ನಾಲ್ಕೈದು ಜನ ಅವನ ನೆತ್ತಿ ನೋಡಿಕೊಂಡು ಮಾತಾಡುತ್ತಾರೆ. ಆದರೂ ಹೆಸರು ಮಾತ್ರ ಅಲ್ಲಿಂದ ಇಳಿದಿಲ್ಲ. ಭಾನುವಾರ ಬಂತೆಂದರೆ ಅಪ್ಪನ ಅಂಗಡಿಗೆ ಬಂದು ಗುಂಡಿ ಹಾಕಿಕೊಡುತ್ತಾನೆ. ಅಪ್ಪನ ಕಣ್ಣಿಗೆ ಈಚೆಗೆ ಗುಂಡಿಯ ತೂತು ಒಂದಕ್ಕೆ ಎರಡಾಗಿ ಕಾಣುತ್ತದೆ.

ನಿಂತ ಯಂತ್ರದ ಅರ್ಥ ಏಣಿಗೆ ಗೊತ್ತಿತ್ತು. ಈ ಪ್ರಶ್ನೆಯನ್ನು ಯಾರಾದರೂ ಕೇಳಿಯಾರು ಎಂದು ಅಪ್ಪ ಇಪ್ಪತ್ತಮೂರು ವರ್ಷದಿಂದ ಹೆದರಿಕೊಂಡೇ ಇದ್ದ. ಮಗನಿಗೆ ನಿಜ ಗೊತ್ತೋ ಇಲ್ಲವೋ ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ.

ನಿಜ ಇಷ್ಟೇ. ಆಗ ಪ್ರತಿ ತಿಂಗಳೂ ಹುಡುಗ ಅಂಗಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದ. ಅಪ್ಪ ಹಿಂದಿನಿಂದ ಟೇಪು ಹಿಡಿದು ಎತ್ತರ ಹೇಳುತ್ತಿದ್ದ. ಊರವರ ಸೊಂಟವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಮನುಷ್ಯ. ಒಂದು ತಿಂಗಳು ಟೇಪು ಮುಂದಕ್ಕೆ ಹೋಗಲಿಲ್ಲ. ಹುಡುಗ ಉಸಿರು ಬಿಗಿಹಿಡಿದು ಕಾಯುತ್ತಿದ್ದ. "ಕಾಲಿಂಚು ಜಾಸ್ತಿ," ಅಂದ ಅಪ್ಪ. ಮರುತಿಂಗಳೂ ಕಾಲಿಂಚು. ಹೀಗೆ ವರ್ಷ ತುಂಬುವಷ್ಟರಲ್ಲಿ ಹುಡುಗ ಬಾಯಿಮಾತಿನಲ್ಲೇ ಮೂರಿಂಚು ಬೆಳೆದು ಆರಡಿ ಒಂದಿಂಚು ಆಗಿದ್ದ. ಜೊತೆಯ ಹುಡುಗರು ಅವನನ್ನು ದಾಟಿ ಬೆಳೆಯುತ್ತಿದ್ದರೆ, "ಬೂಟಿನೊಳಗೆ ಅಟ್ಟೆ ಇಟ್ಕೊಂಡಿರ್ತಾರೆ ಬಿಡೋ," ಅನ್ನುತ್ತಿದ್ದ ಅಪ್ಪ.

ಇನ್ನು ಕೋಚು. ಮೂಗಿನಲ್ಲೇ ಮಾತಾಡುವ ಆಸಾಮಿ. ಏಣಿ ಇವತ್ತಿಗೂ ಮೂಗು ಹಿಡಿದು ಅವರ ಥರ ಆಡಿ ತೋರಿಸುತ್ತಾನೆ: "ಏಣೀ, ನೀನು ರಿಂಗಿನ ಕೆಳಗೆ ನಿಂತ್ಕೊಳಪ್ಪಾ. ಮಿಕ್ಕಿದ್ದನ್ನ ನಿನ್ನ ಎತ್ತರ ನೋಡ್ಕೊಳ್ಳುತ್ತೆ." ಹುಡುಗ ನಿಂತ. ಬಾಲು ಪುಟಿಸುತ್ತಾ ಓಡುವುದನ್ನು ಕಲಿಯಲಿಲ್ಲ, ದೂರದಿಂದ ಎಸೆಯುವುದನ್ನೂ ಕಲಿಯಲಿಲ್ಲ.

ರಾಜ್ಯ ತಂಡದ ಆಯ್ಕೆಯ ದಿನ ಅಳತೆಗಾರ ಬರಿಗಾಲಲ್ಲಿ ನಿಲ್ಲಿಸಿ ಅಳೆದ. "ಐದು ಹತ್ತು."

"ಆರಡಿ ಒಂದು, ಸರ್."

"ಯಾರು, ನಿಮ್ಮಣ್ಣನಾ?"

ಆ ಎತ್ತರಕ್ಕೆ ರಿಂಗಿನ ಕೆಳಗೆ ಜಾಗವಿಲ್ಲವೆಂದು ಬಾಲು ಓಡಿಸುವ ಕೆಲಸ ಕೊಟ್ಟರು. ಮೊದಲ ಪುಟಿತಕ್ಕೇ ಬಾಲು ಅವನ ಬೂಟಿಗೇ ಬಡಿದು ಪ್ರೇಕ್ಷಕರ ಮಧ್ಯೆ ಹೋಗಿ ಕೂತಿತು. ಮಾರನೇ ದಿನ ಹುಡುಗನೂ ಮನೆಗೆ ಬಂದು ಕೂತ. ಸಂಜೆ ಗೂಟದಲ್ಲಿದ್ದ ಶಾಲೆಯ ಪ್ಯಾಂಟು ತೆಗೆದು ಕಾಲಿನ ಅಂಚು ಹೊರಳಿಸಿ ನೋಡಿದ. ಬೆಳೆಯುವ ಮಗನಿಗೆಂದು ಅಪ್ಪ ಒಳಗೆ ಮಡಚಿ ಹೊಲಿದಿದ್ದ ಮೂರಿಂಚು ಬಟ್ಟೆ ಹಾಗೇ ಇತ್ತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಹುಡುಗ ಒಂದು ವಾರ ಅಪ್ಪನ ಹತ್ತಿರ ಮಾತು ಬಿಟ್ಟಿದ್ದ. ಸೋತ ಬೇಜಾರು ಅಂತ ಮನೆಯವರೆಲ್ಲ ಸುಮ್ಮನಾದರು. ಆಮೇಲೆ ಕಾಲೇಜು ತಂಡದಲ್ಲಿ ಎರಡು ವರ್ಷ ಬೆಂಚು ಕಾಯ್ದದ್ದೇ ಬಂತು.

"ಸರ್?" ಅಂದಳು ಹುಡುಗಿ.

ಏಣಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. "ಬೆಳೆಯೋದು ನಿಂತೋಯ್ತಮ್ಮ. ಹದಿನಾಲ್ಕಕ್ಕೇ. ನನಗದು ಗೊತ್ತಾಗಿದ್ದು ಒಂದು ವರ್ಷ ಆದ್ಮೇಲೆ."

"ಯಾರೂ ಹೇಳ್ಲಿಲ್ವಾ?"

"ಒಬ್ರಿಗೆ ಗೊತ್ತಿತ್ತು. ಹೇಳ್ಲಿಲ್ಲ." ಒಳಗೆ ಕುರ್ಚಿ ಕಿರ್ರೆಂದಿತು. "ಹೇಳದೇ ಇದ್ದದ್ದು ನನ್ನ ಪುಣ್ಯ."

ಹುಡುಗಿ ತಲೆಯೆತ್ತಿದಳು.

"ಆ ವರ್ಷ ಜಿಲ್ಲಾ ಫೈನಲ್ ಆಡಿದ್ವಿ. ಎದುರಿಗಿದ್ದವನು ಆರಡಿ ಮೂರು, ಮೀಸೆ ಬೇರೆ. ಐದು ಹತ್ತು ಅಂತ ಗೊತ್ತಿದ್ದಿದ್ರೆ ಅವನ ಮುಖ ನೋಡಿಯೇ ಪಕ್ಕಕ್ಕೆ ಸರೀತಿದ್ದೆ. ನಾನೂ ಹೆಚ್ಚುಕಮ್ಮಿ ಅಷ್ಟೇ ಇದೀನಿ ಅಂದ್ಕೊಂಡು ನೆಗೆದೆ. ಹದಿನೇಳು ಬಾಲು ಅವನ ಕೈಯಿಂದ ಕಿತ್ಕೊಂಡೆ. ಅಂಥಾದ್ದೊಂದು ವರ್ಷ ಎಷ್ಟು ಜನಕ್ಕೆ ಸಿಗುತ್ತೆ ಹೇಳು. ನನಗೆ ಕೈಯಾರೆ ಅಳೆದು ಕೊಟ್ರು."

"ಆದ್ರೆ ಮುಂದಕ್ಕೆ ಹೋಗೋದು ತಪ್ಪೋಯ್ತಲ್ಲ, ಸರ್?"

"ತಪ್ತು. ಅದಕ್ಕೆ ಬಾಲು ಓಡಿಸೋದು ಕಲೀಬೇಕಿತ್ತು. ನಾನು ಸೋಮಾರಿ, ಕೋಚು ನನಗಿಂತ ಸೋಮಾರಿ. ಅದನ್ನ ಬರ್ಕೋ. ಈಗ ನಮ್ಮ ಶಾಲೇಲಿ ಉದ್ದದವರಿಗೇ ಮೊದಲು ಓಡಿಸೋದು ಕಲಿಸ್ತೀನಿ. ಬೈಕೊಂಡು ಕಲೀತಾರೆ."

ಹುಡುಗಿ ಎಲ್ಲ ಬರೆದುಕೊಂಡು ಹೋದಳು. ಅಪ್ಪ ಯಂತ್ರ ಬಿಟ್ಟೆದ್ದು ಮುಂದುಗಡೆಗೆ ಬಂದ.

"ಯಾವಾಗಿಂದ ಗೊತ್ತು ನಿನಗೆ?" ಅಂದ ಅಪ್ಪ.

"ಸೋತು ಬಂದ ದಿನಾನೇ. ಪ್ಯಾಂಟಿನ ಮಡಿಕೆ ನೋಡ್ದೆ."

"ಬಿಚ್ಚಿದ್ರೆ ರಸ್ತೆಯೆಲ್ಲ ಗುಡಿಸ್ಕೊಂಡು ಹೋಗ್ತಿದ್ದೆ." ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. "ಮುಂದಿನ ತಿಂಗಳು ಬೆಳೀತೀಯ, ಲೆಕ್ಕ ಸರಿಹೋಗುತ್ತೆ ಅಂದ್ಕೊಂಡೆ ಕಣೋ. ಪ್ರತಿ ತಿಂಗಳೂ ಹಾಗೇ ಅಂದ್ಕೊಂಡೆ."

"ನಾನೂ ಅಷ್ಟೇ ಅಪ್ಪ."

"ಬೈಬೇಕಿತ್ತು ನೀನು."

"ಒಂದು ವಾರ ಬೈದೆ. ಮನಸ್ಸಲ್ಲೇ. ಆಮೇಲೆ ಆ ಮೀಸೆಯವನ ಮುಖ ನೆನಪಾಯ್ತು."

ಅಪ್ಪ ನಗಲು ಹೋಗಿ ಕೆಮ್ಮಿದ. ಕೊರಳಿಗೆ ಜೋತುಬಿದ್ದಿದ್ದ ಟೇಪನ್ನು ತೆಗೆದ. "ಬಾ, ನಿಲ್ಲು."

ಮೂವತ್ತೆಂಟರ ಮಗ ಬೆನ್ನು ನೆಟ್ಟಗೆ ಮಾಡಿ ನಿಂತ. ಅಪ್ಪನಿಗೆ ಈಗ ನೆತ್ತಿ ಮುಟ್ಟಲು ಸ್ಟೂಲು ಬೇಕಾಯಿತು. ಟೇಪಿನ ತುದಿ ಕುತ್ತಿಗೆಗೆ ತಣ್ಣಗೆ ತಾಗಿತು. ಏಣಿ ಹಳೇ ಅಭ್ಯಾಸದಂತೆ ಉಸಿರು ಬಿಗಿಹಿಡಿದ.

"ಐದು ಹತ್ತೂವರೆ," ಅಂದ ಅಪ್ಪ. ಮಗನ ಮುಖ ಅರಳುವಷ್ಟರಲ್ಲಿ ಸ್ಟೂಲಿನ ಮೇಲಿಂದಲೇ ಬಗ್ಗಿ ನೋಡಿ, "ಚಪ್ಪಲಿ ಬಿಚ್ಚು," ಅಂದ.

ಏಣಿ ನಗುತ್ತಾ ಚಪ್ಪಲಿ ಬಿಚ್ಚಿದ.