ಹಸಿ ಬೀಮು

ಅಣ್ಣ ಕಾರ್ಖಾನೆಯ ಎಂಜಿನಿಯರನ ಕಾಲರು ಹಿಡಿದು ಮನೆಯ ಗೇಟಿಗೆ ಅಪ್ಪಳಿಸಿದಾಗ ಅಪ್ಪನ ಹೆಣ ಇನ್ನೂ ವ್ಯಾನಿನಿಂದ ಇಳಿದಿರಲಿಲ್ಲ. ಚಿಲಕ ತಗುಲಿ ಎಂಜಿನಿಯರನ ಹುಬ್ಬು ಸೀಳಿತು. ಅವನು ತಂದಿದ್ದ ಹೂವು ಇಬ್ಬರ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಯಿತು.

"ಬೇಗ ಕಟ್ ಮಾಡಿ, ಬೇಗ ಕಟ್ ಮಾಡಿ ಅಂತ ನಮ್ಮಪ್ಪನ ಪ್ರಾಣ ಹಿಂಡಿದ್ದು ನೀನೇ ತಾನೆ? ಇವತ್ತು ನಿನ್ನ ಹಲ್ಲು ಉದುರಿಸದೆ ಬಿಡಲ್ಲ!"

"ಕ್ಯೂಬು ಪಾಸಾಗಿತ್ತಪ್ಪ," ಎಂಜಿನಿಯರ್ ಕಣ್ಣಿಗಿಳಿದ ರಕ್ತ ಒರೆಸಿಕೊಂಡ. "ಒಡೆದು ನೋಡಿದ್ದು ನಿನ್ನ ತಂಗೀನೇ. ಬೇಕಾದ್ರೆ ಕೇಳು ಅವಳನ್ನ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವಳು ಅಮ್ಮನ ತೋಳು ಹಿಡಿದು ನಿಂತಿದ್ದಳು. ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲೇ ಅವಳಿಗೂ ಕೆಲಸ. ಸೇತುವೆಯ ಬೀಮು ಎರೆಯುವ ದಿನ ಅದೇ ಕಾಂಕ್ರೀಟಿನಿಂದ ಸಣ್ಣ ಕ್ಯೂಬುಗಳನ್ನೂ ಎರೆದಿಟ್ಟು, ಆಮೇಲೆ ಅವನ್ನು ಯಂತ್ರದಲ್ಲಿ ಒಡೆದು, ಅದು ತೋರಿಸುವ ನಂಬರು ನೋಡಿ, ಬೀಮು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಅವಳು ಹೇಳಬೇಕು. ಅವಳು ಹೇಳಿದ ಮೇಲೇ ಅಪ್ಪ ಬೀಮಿನ ತುದಿಯ ಉಕ್ಕಿನ ಹುರಿಗಳನ್ನು ಕತ್ತರಿಸುತ್ತಿದ್ದ.

"ನಂಬರು ತಿದ್ದು ಅಂತ ಇವನೇ ಹೇಳಿದ್ದಲ್ವಾ?" ಅಣ್ಣ ಕೂಗಿದ. "ಹೆದರ್ಬೇಡ, ಹೂಂ ಅನ್ನು ಸಾಕು."

ಅವಳು ಹೂಂ ಅನ್ನಲಿಲ್ಲ. ಊಹೂಂ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಆ ಮೌನವನ್ನೇ ಉತ್ತರವೆಂದುಕೊಂಡು ಅಣ್ಣ ಎಂಜಿನಿಯರನ ಮುಖಕ್ಕೆ ಇನ್ನೊಂದು ಬಿಟ್ಟ. ಜಾಕಿನವನು, ಅಂದರೆ ಆ ಹುರಿಗಳನ್ನು ಜಾಕು ಹಾಕಿ ಎಳೆಯುವ ಅಪ್ಪನ ಹಳೆಯ ಜೊತೆಗಾರ, ನಡುವೆ ನುಗ್ಗಿ ಬಿಡಿಸಿದ.

"ಸಾಕು ಬಿಡೋ. ನಿಮ್ಮಪ್ಪನ ಕೈಯೇ ನಿನಗೂ ಬಂದಿದೆ. ಮೊದ್ಲು ಅವನನ್ನ ಇಳಿಸೋಣ ಬಾ."

*

ಅಪ್ಪನ ಕೈ ಅಂದರೆ ಸಾಮಾನ್ಯದ್ದಲ್ಲ. ಅವನಿಂದ ಏಟು ತಿನ್ನದವನು ಈ ಕಾರ್ಖಾನೆಯಲ್ಲಿ ಕೆಲಸವನ್ನೇ ಕಲಿತಿಲ್ಲ ಎಂದು ಜನ ನಗುತ್ತಿದ್ದರು. ಅಚ್ಚಿಗೆ ಎಣ್ಣೆ ಬಳಿಯುವವನು ಒಮ್ಮೆ ಹುರಿಯ ಮೇಲೂ ನಾಲ್ಕು ಹನಿ ಚೆಲ್ಲಿದ್ದಕ್ಕೆ ಅವನ ಕೆನ್ನೆಗೆ ಬಾರಿಸಿ, ಎಣ್ಣೆ ಡಬ್ಬ ಒದ್ದು, ಆಮೇಲೆ ತಾನೇ ಮಂಡಿಯೂರಿ ಅರ್ಧ ದಿನ ಆ ಹುರಿಯನ್ನು ಬಟ್ಟೆಯಿಂದ ತಿಕ್ಕಿದ್ದ. ಮಗಳು ಕೆಲಸಕ್ಕೆ ಸೇರಿದ ದಿನ ಅವಳನ್ನು ಬೀಮಿನ ತುದಿಗೆ ಎಳೆದುಕೊಂಡು ಹೋಗಿದ್ದ.

"ನೋಡಿಲ್ಲಿ. ಜಾಕು ಹಾಕಿ ಎಳೆದಾಗ ವೈರು ಸಣ್ಣಗಾಗುತ್ತೆ. ಸುತ್ತ ಕಾಂಕ್ರೀಟು ಗಟ್ಟಿಯಾದ್ಮೇಲೆ ತುದಿ ಕತ್ತರಿಸಿದ್ರೆ ವಾಪಸ್ ಗಿಡ್ಡ ಆಗೋಕೆ ನೋಡುತ್ತೆ, ಉಬ್ಬುತ್ತೆ. ಉಬ್ಬಿ ಕಾಂಕ್ರೀಟನ್ನ ಕಚ್ಕೊಳ್ಳುತ್ತೆ. ಆ ಕಚ್ಚಿನ ಮೇಲೇ ಸೇತುವೆ ನಿಲ್ಲೋದು."

"ಗಟ್ಟಿ ಆಗಿಲ್ದಿದ್ರೆ?"

"ಹಸಿ ಇದ್ರೆ ಕಚ್ಚೋಕೆ ಏನಿರುತ್ತೆ? ಒಳಗೆ ಜಾರುತ್ತೆ, ತುದಿ ಸಿಡಿಯುತ್ತೆ. ಎದುರಿಗಿದ್ದೋನು ಸತ್ತ. ಅದಕ್ಕೇ ಹೇಳ್ತಿರೋದು, ಕ್ಯೂಬನ್ನ ಬೀಮಿನ ಪಕ್ಕದಲ್ಲೇ ಇಡು. ಅದಕ್ಕೆಷ್ಟು ಚಳಿಯೋ ಇದಕ್ಕೂ ಅಷ್ಟೇ ಚಳಿ."

ಮೊನ್ನೆ ಚಳಿ ಮೂಳೆ ಕೊರೆಯುತ್ತಿತ್ತು. ಮರುದಿನ ಬೆಳಿಗ್ಗೆ ಬೀಮಿಗೆ ಹೊದಿಸಿದ ಒದ್ದೆ ಟಾರ್ಪಾಲಿನಡಿ ಕೈ ಹಾಕಬೇಕಲ್ಲ ಎಂಬ ಸೋಮಾರಿತನಕ್ಕೆ ಅವಳು ಸಂಜೆಯೇ ಕ್ಯೂಬುಗಳನ್ನು ಕೋಣೆಯೊಳಗೆ ಹೀಟರಿನ ಬದಿಗೆ ತಂದಿಟ್ಟಳು. ಬೆಚ್ಚಗಿದ್ದ ಕ್ಯೂಬು ಬೇಗ ಗಟ್ಟಿಯಾಯಿತು. ಹೊರಗಿನ ಬೀಮು ಹಸಿಯಾಗಿಯೇ ಉಳಿಯಿತು. ಬೆಳಿಗ್ಗೆ ಅವಳು ನಂಬರು ಹೇಳಿದಾಗ ಅಪ್ಪ ಗ್ಯಾಸ್ ಕಟ್ಟರು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಇಷ್ಟು ಬೇಗ ಬಂತಾ? ಎಲ್ಲಿಟ್ಟಿದ್ದೆ?"

ನಾಲ್ಕು ಜನರೆದುರು ಕೆನ್ನೆಗೆ ಬೀಳುತ್ತದೆಂಬ ಭಯಕ್ಕೆ ಅವಳು, "ಬೀಮಿನ ಪಕ್ಕದಲ್ಲೇ" ಅಂದುಬಿಟ್ಟಳು.

"ಸರಿ ಹಾಗಾದ್ರೆ."

ಬೇರೆ ಯಾರು ಹೇಳಿದ್ದರೂ ಹೋಗಿ ನೋಡಿಬರುತ್ತಿದ್ದ. ಮೂರನೆಯ ಹುರಿ ಕತ್ತರಿಸುವಾಗ ತುದಿ ಸಿಡಿದು, ತಲೆಗಾತ್ರದ ತುಂಡು ಅವನ ಎದೆಯನ್ನು ಒಳಗೆ ತಳ್ಳಿತು. ಅವಳಿಗೆ ಅಪ್ಪನ ಮೇಲೇ ಸಿಟ್ಟು ಬಂದಿತ್ತು: ಹುಟ್ಟಿದಾಗಿನಿಂದ ಯಾರನ್ನೂ ನಂಬದವನು ಅವತ್ತೇ ಯಾಕೆ ನಂಬಿದ?

*

ಸ್ಮಶಾನದಲ್ಲಿ ಅಪ್ಪನ ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಟ್ಟಾಗ ಎಂಜಿನಿಯರ್ ಕರ್ಚೀಫು ಹುಬ್ಬಿಗೊತ್ತಿಕೊಂಡು ಮತ್ತೆ ಬಂದ. ಹೊಡೆಸಿಕೊಂಡ ಮೇಲೂ ಬಂದದ್ದು ಅಣ್ಣನನ್ನು ಇನ್ನಷ್ಟು ಕೆರಳಿಸಿತು. ಮಣ್ಣಿನ ರಾಶಿಗೆ ಚುಚ್ಚಿದ್ದ ಗುದ್ದಲಿ ಕಿತ್ತುಕೊಂಡು ನುಗ್ಗಿದ. ಮೊದಲ ಏಟು ಎಂಜಿನಿಯರನ ಭುಜಕ್ಕೆ ಬಿತ್ತು. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಅವನು ಮಂಡಿಯ ಮೇಲೆ ಕುಸಿದ. ಗುದ್ದಲಿ ಎರಡನೇ ಸಲ ತಲೆಯ ನೇರಕ್ಕೆ ಎದ್ದಿತು.

"ಅಣ್ಣಾ! ನಾನು ಕಣೋ, ನಾನು! ಕ್ಯೂಬು ಹೀಟರ್ ಹತ್ರ ಇಟ್ಟಿದ್ದೆ. ಅಪ್ಪ ಕೇಳಿದಾಗ ಸುಳ್ಳು ಹೇಳ್ದೆ!"

"ಏನು ಬಡಬಡಿಸ್ತಿದಾಳೆ ಇವಳು?" ಅಣ್ಣ ಎತ್ತಿದ ಗುದ್ದಲಿ ಇಳಿಸದೆ ಕೇಳಿದ.

ಮೊದಲು ಅರ್ಥವಾದದ್ದು ಜಾಕಿನವನಿಗೆ. ಅವನು ಮಣ್ಣಿನ ಮೇಲೆ ಕುಕ್ಕರಿಸಿದ. "ಬೀಮು ಹಸಿ ಇತ್ತು ಕಣೋ. ಇವಳ ಮಾತು ನಂಬಿ ನಿಮ್ಮಪ್ಪ ಕತ್ತರಿಸಿದ."

ಗುದ್ದಲಿ ಹಿಡಿದ ಅಣ್ಣ ಅವಳ ಕಡೆ ತಿರುಗಿದ. ಅವಳು ಕದಲಲಿಲ್ಲ. ಅಷ್ಟರಲ್ಲಿ ಅಮ್ಮ ನಡುವೆ ಬಂದಳು. ಮಗಳನ್ನು ಕಾಪಾಡಲು ಬಂದಳೆಂದೇ ಎಲ್ಲರೂ ಅಂದುಕೊಂಡರು. ಅಮ್ಮ ಅವಳ ಕೆನ್ನೆಗೆ ಬಾರಿಸಿದಳು, ಮತ್ತೆ ಬಾರಿಸಿದಳು, ತುಟಿ ಒಡೆದು ರಕ್ತ ಬರುವವರೆಗೆ, ತನ್ನ ಕೈ ಸೋಲುವವರೆಗೆ ಬಾರಿಸಿದಳು. ಆಮೇಲೆ ಪೆಟ್ಟಿಗೆಗೆ ಕಟ್ಟಿದ್ದ ಹಗ್ಗದ ಒಂದು ತುದಿ ಎಳೆದು ಅವಳ ಕೈಗೆ ತುರುಕಿದಳು.

"ಹಿಡಿ. ನೀನೇ ಇಳಿಸು ಅವರನ್ನ."

ಉಳಿದ ತುದಿಗಳನ್ನು ಗುದ್ದಲಿ ಬಿಸಾಡಿ ಬಂದ ಅಣ್ಣನೂ ಇನ್ನಿಬ್ಬರೂ ಹಿಡಿದರು. ಪೆಟ್ಟಿಗೆ ಗುಂಡಿಯ ಮೇಲೆ ಬಂದದ್ದೇ ಭಾರವೆಲ್ಲ ಅವಳ ಮೂಲೆಗೆ ವಾಲಿತು. ಹಗ್ಗ ಅಂಗೈಯ ಚರ್ಮ ಸುಲಿದುಕೊಂಡು ಸರ್ರನೆ ಜಾರಿತು.

"ಬಿಡಮ್ಮ, ನಾನು ಹಿಡೀತೀನಿ," ಜಾಕಿನವನು ಕೈ ಚಾಚಿದ.

ಅವಳು ಹಿಮ್ಮಡಿ ಮಣ್ಣಿಗೆ ಒತ್ತಿ ಮುಷ್ಟಿ ಬಿಗಿದಳು. ಹಗ್ಗ ನಿಂತಿತು. ಪೆಟ್ಟಿಗೆ ಗೇಣು ಗೇಣಾಗಿ, ಎಲ್ಲೂ ವಾಲದೆ ಇಳಿಯಿತು. ತಳ ಮುಟ್ಟಿ ಉಳಿದವರೆಲ್ಲ ಕೈಬಿಟ್ಟ ಮೇಲೂ ಅವಳ ಮುಷ್ಟಿ ಬಿಚ್ಚಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಒಂದೊಂದೇ ಬೆರಳು ಎತ್ತಿ, ಮಾಂಸಕ್ಕೆ ಅಂಟಿದ್ದ ಹಗ್ಗವನ್ನು ಮೆಲ್ಲಗೆ ಬಿಡಿಸತೊಡಗಿದಳು.