ಶಾವಿಗೆ ಕುಣಿಯುವ ಹೊತ್ತು

"ಈ ಹೊಸ್ತಿಲು ನಿನ್ನೆಗಿಂತ ಎತ್ತರ ಆಗೈತಾ?"

ತಿಪ್ಪೇಶಪ್ಪ ಕೇಳಿದ್ದು ಯಾರನ್ನೂ ಅಲ್ಲ. ನಡುಮನೆಯಲ್ಲಿ ಅವನನ್ನು ಬಿಟ್ಟರೆ ಗೋಡೆಯ ಮೇಲಿನ ಆಂಜನೇಯ ಮಾತ್ರ ಇದ್ದ, ಆತನಿಗೆ ಸಮುದ್ರವೇ ಲೆಕ್ಕಕ್ಕಿಲ್ಲ, ಇನ್ನು ಹೊಸ್ತಿಲ ಮಾತು ಏನು ತಿಳಿದೀತು? ಹೊಸ್ತಿಲ ಈಚೆಗೆ ತಿಪ್ಪೇಶಪ್ಪನ ಎರಡು ಪಾದ, ಆಚೆಗೆ ಜಗಲಿ. ನಡುವೆ ಅರಿಸಿನ ಬಳಿದ ಮರ, ಅದರ ಮೇಲೆ ಎರಡು ಚೆಂಡುಹೂವು. ಪಾದಗಳಿಗೆ ಯಾರೋ ಗೋಂದು ಹಚ್ಚಿ ನೆಲಕ್ಕೆ ಒತ್ತಿದಂತಿತ್ತು.

ಇದು ಹೊಸದಲ್ಲ. ಮೂವತ್ತೊಂದು ವರ್ಷ ಜಗಳೂರಿನಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ, "ಬಾಗಿಲಾಗೆ ನಿಂತ್ಕಾಬ್ಯಾಡ್ರಿ, ಒಳಗೆ ಜಾಗ ಐತೆ, ಮುಂದಕ್ಕೆ ನಡೀರಿ" ಎಂದು ಮೂರು ತಲೆಮಾರನ್ನು ಗದರಿದವನು ಅವನು. ಈಗ ಬಾಗಿಲು ಕಂಡಲ್ಲೆಲ್ಲ ತಾನೇ ನಿಲ್ಲುತ್ತಿದ್ದ. ಪಾರ್ಕಿನ್ಸನ್ ಅಂತ ಹೆಸರು ಹೇಳಿದ್ದರು ಶಿವಮೊಗ್ಗದ ಡಾಕ್ಟರು. ಕೈ ನಡುಗುತ್ತದೆ, ದನಿ ಸಣ್ಣಗಾಗುತ್ತದೆ, ಕಾಲು ಬಾಗಿಲಲ್ಲಿ ಅಂಟುತ್ತದೆ; ಪೂರ್ತಿ ವಾಸಿಯಾಗುವಂಥದ್ದಲ್ಲ, ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದರೆ ಮಾತ್ರ ಮೈ ತಕ್ಕಮಟ್ಟಿಗೆ ಹೇಳಿದ ಮಾತು ಕೇಳುತ್ತದೆ.

ನೆಲದ ಮೇಲೆ ಅಡ್ಡಗೆರೆ ಎಳೆದರೆ ಅಂಟಿದ ಕಾಲು ಗೆರೆ ದಾಟಲು ಏಳುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಅಂದಿನಿಂದ ಹೆಂಡತಿ ಹನುಮಂತಮ್ಮ ಮಂಚದಿಂದ ಬಚ್ಚಲ ತನಕ ದಿನಾ ರಂಗೋಲಿ ಪುಡಿಯಲ್ಲಿ ಒಂಬತ್ತು ಗೆರೆ ಎಳೆಯುತ್ತಿದ್ದಳು. ಪಕ್ಕದ ಮನೆಯವರು, "ಒಳಗೂ ರಂಗೋಲಿ, ಏನಕ್ಕಾ ಹಬ್ಬ?" ಎಂದರೆ, "ನಮ್ಮನೆಯೋರ ಪಾದಯಾತ್ರೆ" ಎನ್ನುತ್ತಿದ್ದಳು.

ಈ ಹೊತ್ತು ಹೊಸ್ತಿಲ ಬಳಿ ಗೆರೆ ಇರಲಿಲ್ಲ. ಹನುಮಂತಮ್ಮ ಅಂಗಳದಲ್ಲಿದ್ದಳು. ಅಂಗಳದಿಂದ ಹೊನ್ನಾಳಿಯ ಪರಮೇಶಿಯ ದನಿ ಕೇಳಿಸಿತು.

"ಅಕ್ಕಾ, ನಿನ್ನ ಹರಕೆ ಫಲಿಸ್ತು ನೋಡು. ಕುದುರೆ ಒಯ್ಯಾಕೆ ಗಾಡಿ ತಂದೀನಿ."

ತಿಪ್ಪೇಶಪ್ಪನ ಎದೆ ಓಡಿತು, ಕಾಲು ಓಡಲಿಲ್ಲ. "ಕೊಡಬ್ಯಾಡ್ವೇ" ಎಂದು ಕೂಗಿದ. ಒಂದು ಕಾಲದಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನನ್ನು ಎಬ್ಬಿಸುತ್ತಿದ್ದ ದನಿ ಈಗ ಹೊಸ್ತಿಲನ್ನೂ ದಾಟಲಿಲ್ಲ.

ಆ ಕುದುರೆಯ ಹೆಸರು ಶಾವಿಗೆ. ಬಾಲ ಹಬೆಯಿಂದ ಈಗಷ್ಟೇ ಇಳಿದ ಶಾವಿಗೆಯಂತೆ ಬೆಳ್ಳಗೆ ಎಳೆ ಎಳೆಯಾಗಿದ್ದುದರಿಂದ ಬಂದ ಹೆಸರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಎಷ್ಟು ಮದುಮಕ್ಕಳನ್ನು ಅದು ಬೆನ್ನ ಮೇಲೆ ಮೆರೆಸಿತ್ತೋ. ಈಗಿನ ಮದುಮಕ್ಕಳಿಗೆ ತೆರೆದ ಜೀಪು ಬೇಕು, ಮುಂದೆ ಡಿ.ಜೆ. ಬೇಕು. ಶಾವಿಗೆಗೂ ಇಪ್ಪತ್ತರ ಮೇಲಾಗಿ ಮುಂಗಾಲಿನ ಮಂಡಿ ಊದಿಕೊಂಡಿತ್ತು. ಯಾರಿಗೋ ದಾಟಿಸಲು ಮನಸ್ಸು ಬಾರದೆ ಪರಮೇಶಿ ಕಳೆದ ಕಾರ್ತಿಕದಲ್ಲಿ ಅದನ್ನು ನಡೆಸಿಕೊಂಡು ನ್ಯಾಮತಿಗೆ, ದೂರದ ಸಂಬಂಧದ ಅಕ್ಕ ಹನುಮಂತಮ್ಮನ ಮನೆಗೆ ಬಂದಿದ್ದ.

"ನಿಮ್ಮ ಹಿತ್ತಲಾಗೆ ಹುಲ್ಲು ಐತೆ ಅಕ್ಕಾ. ಸಾಕ್ಕಂಡು ಪುಣ್ಯ ಕಟ್ಕೋ."

"ನಮ್ಮನ್ಯಾಗೆ ಒಬ್ಬರು ನಿಂತಲ್ಲೇ ನಿಂತಿರ್ತಾರೆ. ಅವರಿಗೆ ಜೋಡಿ ಇದೊಂದು ಬೇಕಾಗಿತ್ತಾ?" ಎಂದಿದ್ದಳು ಹನುಮಂತಮ್ಮ.

ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಮನೆ ಮುಂದೆ ಬಂದ ಜೀವವನ್ನು ಹಿಂದಕ್ಕೆ ಕಳಿಸುವುದು ಹೇಗೆ? ಹಗ್ಗವನ್ನು ಬರಿಗೈಯಲ್ಲಿ ಇಸಿದುಕೊಳ್ಳಬಾರದೆಂದು ಸೆರಗು ಒಡ್ಡಿದಳು. ಸೆರಗಿನಲ್ಲಿ ಇಸಿದುಕೊಂಡವರದೇ ದನ, ಸೆರಗಿನಲ್ಲಿ ಇಸಿದುಕೊಂಡವರದೇ ಅದರ ಮೇಲಿನ ಮಾತು. ಹೀಗೆ ಶಾವಿಗೆಯ ಒಡೆತನ ಹನುಮಂತಮ್ಮನದಾಯಿತು, ತಿಪ್ಪೇಶಪ್ಪನದಲ್ಲ.

ಹಗ್ಗ ಕೈ ಬದಲಾಯಿತು, ಕುದುರೆ ಮಾತ್ರ ಗೇಟಿನೊಳಗೆ ಕಾಲಿಡಲಿಲ್ಲ. ಪರಮೇಶಿ ಎಳೆದ. ಹಿಂದಿನಿಂದ ತಳ್ಳಿದ. ಅದರ ಅಪ್ಪ ಅವ್ವನನ್ನೆಲ್ಲ ನೆನೆಸಿ ಬೈದ. ಶಾವಿಗೆ ಕಣ್ಣು ಅರೆಮುಚ್ಚಿ ನಿಂತೇ ಇತ್ತು. ಜಗಲಿಯ ಮೇಲೆ ಕೂತಿದ್ದ ತಿಪ್ಪೇಶಪ್ಪನಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಬಾಗಿಲಲ್ಲಿ ನಿಂತವರ ಕಷ್ಟ ಬಾಗಿಲಲ್ಲಿ ನಿಂತವರಿಗೇ ಗೊತ್ತು.

"ಬೈಬ್ಯಾಡ್ವೋ. ಅದಕ್ಕೂ ಪಾರ್ಕಿನ್ಸನ್ ಇರಬೇಕು," ಎಂದ.

ಪರಮೇಶಿ ಹಣೆ ಬಡಿದುಕೊಂಡ. ಗೇಟಿಗೆ ದೀಪಾವಳಿಯ ಮಾವಿನ ತೋರಣ ಒಣಗಿ ನೇತಾಡುತ್ತಿತ್ತು. ತೋರಣ ಕಂಡರೆ ನಿಲ್ಲಬೇಕು, ಮುತ್ತೈದೆಯರು ಬಂದು ಮದುಮಗನಿಗೆ ಆರತಿ ಎತ್ತಬೇಕು, ತನ್ನ ಬಾಯಿಗೆ ಬೆಲ್ಲದ ಚೂರು ಬೀಳಬೇಕು, ಆಮೇಲೆ ಹೆಜ್ಜೆ. ಅಷ್ಟು ವರ್ಷದ ರೂಢಿ ಅದು. ಹನುಮಂತಮ್ಮ ಗೊಣಗುತ್ತಲೇ ಆರತಿ ತಟ್ಟೆ ತಂದು ಎತ್ತಿದಳು, ಬೆಲ್ಲ ಕೊಟ್ಟಳು. ಶಾವಿಗೆ ಗಂಡಿನ ಮನೆಯ ಹಿರಿಯಳಂತೆ ಗತ್ತಿನಿಂದ ಒಳಗೆ ಬಂತು.

ಮಾರನೆಯ ಬೆಳಿಗ್ಗೆ ಅದು ಜಗಲಿಗೆ ಒರಗಿ ನಿಂತಿತ್ತು. ಅದರ ಬೆನ್ನು ಜಗಲಿಗಿಂತ ಮೊಣಕಾಲಷ್ಟೇ ಮೇಲೆ. ಹುಡುಗನಾಗಿದ್ದಾಗ ಜಗಳೂರು ಕಡೆಯ ತನ್ನೂರು ಸೊಕ್ಕೆಯಲ್ಲಿ ಕುರಿಮಂದೆಯವರ ತಟ್ಟು ಕುದುರೆ ಮೇಲೆ, ಕಂಬಳಿ ಪಾತ್ರೆಗಳ ನಡುವೆ, ಮಡಿಲಲ್ಲಿ ಕುರಿಮರಿ ಇಟ್ಟುಕೊಂಡು ಕೂತದ್ದು ತಿಪ್ಪೇಶಪ್ಪನಿಗೆ ನೆನಪಾಯಿತು. ಕಂಬ ಹಿಡಿದು, ಕಾಲು ಆಚೆಗೆ ಹಾಕಿ, ಲಗಾಮು ಹಿಡಿದು ಕೂತೇಬಿಟ್ಟ. ಜಗಲಿಯಿಂದ ಬೆನ್ನಿಗೆ ಹೊಸ್ತಿಲಿರಲಿಲ್ಲ. ರೂಢಿಯಂತೆ ಪಕ್ಕೆಗೆ ಎರಡು ಸಲ ತಟ್ಟಿ, "ರೈಟ್" ಎಂದ. ಅಂದು ಮಾತ್ರ ಹಿಂದಿನ ಸಂಜೆಯ ಆರತಿಯ ಬಲದಲ್ಲೇ ಶಾವಿಗೆ ಗೇಟು ದಾಟಿ ಹೊರಟಿತು.

ತನ್ನ ಎರಡು ಕಾಲು ಸುಮ್ಮನೆ ಜೋತಾಡುತ್ತಿದ್ದವು, ಬೇರೆ ಯಾರದೋ ನಾಲ್ಕು ಕಾಲು ನಡೆಯುತ್ತಿದ್ದವು. ಮುಂಗಾಲಿನ ನೋವಿಗೆ ಶಾವಿಗೆ ಒಂದು ಹೆಜ್ಜೆಯನ್ನು ತುಸು ತಡೆದು ಇಡುತ್ತಿತ್ತು. ಆ ತಡೆಯಿಂದ ನಡೆಗೆ ಮೂರು ನಾಲ್ಕು, ಮೂರು ನಾಲ್ಕು ಎಂಬ ಲಯ ಬಂದಿತ್ತು. ಶ್ರಾವಣದಲ್ಲಿ ಗುಡಿಯ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ ಷಟ್ಪದಿಯ ಲಯವೇ ಅದು. ತಿಪ್ಪೇಶಪ್ಪನಿಗೆ ಹಾಡಲು ಬಾರದು, ಅರ್ಥ ಬಿಡಿಸಲು ಬಾರದು. ಕೇಳುವುದೊಂದೇ ಅವನ ಪೂಜೆ. ಪುರಾಣ ಓದುವವರು ತೀರಿಹೋದ ಮೇಲೆ ನಿಂತ ಆ ಪೂಜೆ ಕುದುರೆಯ ಗೊರಸಿನಲ್ಲಿ ಮತ್ತೆ ಶುರುವಾಯಿತು.

ಭಕ್ತಿ ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಉಳಿಯಿತು. ಅಲ್ಲಿ ಶಾವಿಗೆ ಇದ್ದಕ್ಕಿದ್ದಂತೆ ಕತ್ತು ಬಿಲ್ಲಿನಂತೆ ಬಾಗಿಸಿ, ಒಂದೊಂದೇ ಕಾಲು ಎತ್ತಿ ಕುಣಿಯತೊಡಗಿತು. ಬ್ಯಾಂಡಿಲ್ಲ, ದಿಬ್ಬಣವಿಲ್ಲ. ಮೇಲೆ ಲುಂಗಿ ಬನಿಯನ್ನಿನ ತಿಪ್ಪೇಶಪ್ಪ. ಜನ ಸೇರಿದರು. ಅವನ ಹಳೆಯ ಬಸ್ಸಿನ ಡ್ರೈವರ್ ಕೆಂಚೇಶ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಕಂಡಕ್ಟರಣ್ಣ, ಹೆಣ್ಣಿನ ಮನೆ ಯಾವ ಕಡೆಗಾತು?"

"ನೀನು ಬಸ್ ಬಿಡೋ, ಟೈಮಾತು."

"ಬಿಡ್ತೀನಿ. ನಿನ್ನ ಗಾಡಿ ಸೈಡಿಗೆ ಹಾಕು ಮೊದ್ಲು. ಸೀಟು ಒಂದೇ ಇದ್ದಂಗೈತೆ, ಪಾಸ್ ನಡೀತೈತೇನು?"

ಮನೆಗೆ ಬಂದು ಪರಮೇಶಿಗೆ ಫೋನು ಮಾಡಿದಾಗ ಗುಟ್ಟು ತಿಳಿಯಿತು.

"ಲಗಾಮು ಅಲುಗಿಸಿದ್ರೆ ಕುಣಿ ಅಂತ ಅರ್ಥ ಅದಕ್ಕೆ. ನೀವ್ಯಾಕೆ ಅಲುಗಿಸಾಕೆ ಹೋದ್ರಿ ಭಾವ?"

"ನಾನೆಲ್ಲಿ ಅಲುಗಿಸ್ತೀನೋ? ಕೈ ತಾನೇ ಅಲುಗ್ತೈತೆ."

ಶಿವಮೊಗ್ಗದ ಡಾಕ್ಟರು ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಗಂಭೀರವಾದರು. ಓಡಿಸಬಾರದು, ಒಬ್ಬನೇ ಹೋಗಬಾರದು, ತಲೆಗೆ ಹೆಲ್ಮೆಟ್ ಇರಬೇಕು ಎಂದರು. ಹನುಮಂತಮ್ಮ ತನ್ನದೊಂದು ಷರತ್ತು ಸೇರಿಸಿದಳು. "ಒಂದು ಸಲ ಬಿದ್ದರೂ ಕುದುರೆ ಹೊನ್ನಾಳಿಗೆ."

ಅಂದಿನಿಂದ ನ್ಯಾಮತಿಯ ಜನ ದಿನಾ ಬೆಳಿಗ್ಗೆ ಈ ಮೆರವಣಿಗೆ ನೋಡಿದರು. ಸ್ಕೂಟರಿನ ಕೆಂಪು ಹೆಲ್ಮೆಟ್ ಹಾಕಿಕೊಂಡ ತಿಪ್ಪೇಶಪ್ಪ, ಕೆಳಗೆ ಕುಂಟು ಶಾವಿಗೆ, ಪಕ್ಕದಲ್ಲಿ ಸೆರಗಿಗೆ ಹಗ್ಗ ಸುತ್ತಿಕೊಂಡು ಉದ್ದಕ್ಕೂ ಬೈಯುತ್ತ ನಡೆಯುವ ಹನುಮಂತಮ್ಮ. ಕೆರೆ ಏರಿಯ ತನಕ, ಮತ್ತೆ ವಾಪಸ್ಸು. ಸಕ್ಕರೆ ಕಾಯಿಲೆಗೆ ನಡೀರಿ ನಡೀರಿ ಎಂದು ಡಾಕ್ಟರು ಆರು ವರ್ಷ ಹೇಳಿದರೂ ಗೇಟು ದಾಟದಿದ್ದವಳು ಅವಳು. ಈಗ ಮನೆಯ ಬೆಲ್ಲ ಕುದುರೆಯ ಬಾಯಿಗೆ, ನಡಿಗೆ ಅವಳ ಕಾಲಿಗೆ. ಮೂರು ತಿಂಗಳಲ್ಲಿ ಸಕ್ಕರೆ ಇಳಿದಿತ್ತು. ಅದನ್ನು ಮಾತ್ರ ಅವಳು ಕಷಾಯದ ಮಹಿಮೆ ಎನ್ನುತ್ತಿದ್ದಳು.

ಬರಬರುತ್ತ ಇನ್ನೊಂದು ಸಂಗತಿ ಗೊತ್ತಾಯಿತು. ಗುಳಿಗೆ ನುಂಗಿದ ಮೇಲೆ ಕೈ ನಿಲ್ಲುತ್ತಿತ್ತು, ಶಾವಿಗೆ ಸಾಧುವಾಗಿ ನಡೆಯುತ್ತಿತ್ತು. ಗುಳಿಗೆಯ ಬಲ ಇಳಿಯುವಾಗ ಬೆರಳು ಮೊದಲು ಎಷ್ಟು ಸಣ್ಣಗೆ ಅದುರುತ್ತಿತ್ತೆಂದರೆ ತಿಪ್ಪೇಶಪ್ಪನಿಗೇ ತಿಳಿಯುತ್ತಿರಲಿಲ್ಲ, ಶಾವಿಗೆಗೆ ತಿಳಿಯುತ್ತಿತ್ತು. ಅದು ಕತ್ತು ಬಾಗಿಸಿ ಒಂದು ಕಾಲು ಎತ್ತಿದರೆ ಸಾಕು, ಹನುಮಂತಮ್ಮ ಸೊಂಟದ ಚೀಲದಿಂದ ಡಬ್ಬಿ ತೆಗೆಯುತ್ತಿದ್ದಳು.

"ಕುಣೀತು. ತಗೊಳ್ರಿ, ಗುಳಿಗೆ ಹೊತ್ತಾತು."

ಸಂಜೆ ಹೊತ್ತಿನಲ್ಲೂ ತಿಪ್ಪೇಶಪ್ಪ ಜಗಲಿಯಲ್ಲಿ ಕೂತು ಹಗ್ಗದ ತುದಿ ಹಿಡಿದಿರುತ್ತಿದ್ದ. ಫೋನಿನ ಅಲಾರಂ ಎಷ್ಟೋ ಸಲ ಮರೆತಿತ್ತು, ಕುದುರೆ ಒಂದು ದಿನವೂ ಮರೆಯಲಿಲ್ಲ.

ಇಷ್ಟಾದರೂ ಹನುಮಂತಮ್ಮನ ಬೈಗುಳ ನಿಂತಿರಲಿಲ್ಲ. ತೋರಣ ತೆಗೆದರೂ ಶಾವಿಗೆ ಗೇಟಿನಲ್ಲಿ ಆರತಿ ಇಲ್ಲದೆ ಕದಲುತ್ತಿರಲಿಲ್ಲವಾಗಿ, ಪ್ರತಿ ಬೆಳಿಗ್ಗೆ ಅವಳು ಕುದುರೆಗೂ ಮೇಲೆ ಕೂತವನಿಗೂ ಸೇರಿಸಿ ಆರತಿ ಎತ್ತಬೇಕಿತ್ತು. "ಮದುವೆ ದಿನ ಕುದುರೆ ಏರಲಿಲ್ಲ ಇವರು. ದಿಬ್ಬಣದ ಬಸ್ಸಿನಾಗೆ ರೂಢಿ ಬಲದಿಂದ ನಮ್ಮ ಚಿಕ್ಕಪ್ಪಗೂ ಟಿಕೆಟ್ ಹರಿದು ಕೊಟ್ಟೋರು. ಈಗ ಅರವತ್ತೆಂಟಕ್ಕೆ ದಿನಾ ಮದುಮಗ ಆಗ್ಯಾರೆ," ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತ ತಟ್ಟೆ ತಿರುಗಿಸುತ್ತಿದ್ದಳು. ವಾರಕ್ಕೊಮ್ಮೆ ಪರಮೇಶಿಗೆ ಫೋನು. "ಒಯ್ಯೋ ಮಾರಾಯ, ಲದ್ದಿ ಬಳಿದು ಬಳಿದು ಸಾಕಾತು." ತಿಪ್ಪೇಶಪ್ಪ ಒಂದೊಂದು ಫೋನನ್ನೂ ಕೇಳಿಸಿಕೊಂಡಿದ್ದ. ಕೇಳುವುದು ಅವನ ಪೂಜೆಯಲ್ಲವೆ, ಇದನ್ನೂ ಕೇಳಿದ್ದ.

ಅದಕ್ಕೇ ಈಗ ಹೊಸ್ತಿಲಲ್ಲಿ ನಿಂತವನಿಗೆ ಅಂಗಳದ ಮಾತು ಹೇಗೆ ಮುಗಿಯುತ್ತದೆಂದು ಮೊದಲೇ ಗೊತ್ತಿತ್ತು. ಕುದುರೆ ಹೋದರೆ ಉಳಿಯುವುದು ಮಂಚದಿಂದ ಬಚ್ಚಲಿಗೆ ಒಂಬತ್ತು ಗೆರೆ.

"ಚನ್ನಗಿರಿ ಅಡಿಕೆ ಮಂಡಿ ಮಹೇಶ್ವರಪ್ಪನೋರು ಹೊಸ ಕಲ್ಯಾಣ ಮಂಟಪ ಕಟ್ಸ್ಯಾರೆ ಅಕ್ಕಾ," ಎನ್ನುತ್ತಿದ್ದ ಪರಮೇಶಿ. "ಬಾಗಿಲಾಗೆ ಬಿಳೀ ಕುದುರೆ ನಿಲ್ಲಬೇಕಂತೆ. ಓಡಾಟ ಇಲ್ಲ, ಹೊರೆ ಇಲ್ಲ. ಲಾಯಕ್ಕೆ ಟೈಲ್ಸ್, ಮೇಲೆ ಫ್ಯಾನು. ನಮ್ಮ ಮನೇಲೇ ಫ್ಯಾನು ತಿರುಗಲ್ಲ."

ಹನುಮಂತಮ್ಮನ ಬಳೆ ಸದ್ದು ಮಾಡಿತು. ತಿಪ್ಪೇಶಪ್ಪನಿಗೆ ಅದು ಹಗ್ಗ ಬಿಚ್ಚುವ ಸದ್ದಿನಂತೆ ಕೇಳಿಸಿತು. ಕಾಲಿಗೆ ಬೇಡಿಕೊಂಡ. ಬೈದ. "ಮುಂದಕ್ಕೆ ನಡೀರಿ" ಎಂದು ತನಗೆ ತಾನೇ ಗದರಿಕೊಂಡ. ಹೊಸ್ತಿಲು ಇದ್ದಷ್ಟೇ ಇತ್ತು, ಕಾಲು ಇದ್ದಲ್ಲೇ ಇತ್ತು.

ಆಗ ಅಂಗಳದಲ್ಲಿ ಶಾವಿಗೆ ಗೊರಸು ಬಡಿಯಿತು. ಆರತಿ ಹೊತ್ತು ಮೀರಿತ್ತು, ಅದಕ್ಕೆ ಸಿಟ್ಟು. ಟಕ ಟಕ ಟಕ, ತಡೆದು, ಟಕ ಟಕ ಟಕ ಟಕ. ಮೂರು ನಾಲ್ಕು. ಮೂರು ನಾಲ್ಕು. ತಿಪ್ಪೇಶಪ್ಪ ಕಾಲನ್ನು ಮರೆತು ಕಿವಿಯಾದ. ಗುಡಿಯ ಕಂಬ, ಎಣ್ಣೆ ದೀಪ, ಪದ್ಯ ಮುಗಿಯುವಾಗ ಎಳೆಯುವ ಆ ಕೊನೆಯ ಉಸಿರು, ಎಲ್ಲ ಹಿಂದಕ್ಕೆ ಬಂದು ನಿಂತವು. ನಾಲ್ಕರ ಮೇಲೆ ಬಲಗಾಲು ಎದ್ದಿತು. ಮತ್ತೊಂದು ನಾಲ್ಕಕ್ಕೆ ಎಡಗಾಲು. ನೋಡಿದರೆ ಜಗಲಿಯ ಮೇಲಿದ್ದ.

ಅಂಗಳದಲ್ಲಿ ಹನುಮಂತಮ್ಮ ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಇನ್ನೊಂದರಲ್ಲಿ ಸೆರಗು ಸುತ್ತಿದ ಹಗ್ಗ. ಗೆರೆಯಿಲ್ಲದೆ ಹೊಸ್ತಿಲು ದಾಟಿ ಬಂದ ಗಂಡನನ್ನು ಕಂಡಳು. ಅವನನ್ನು ತಲೆಯಿಂದ ಪಾದದ ತನಕ ಒಮ್ಮೆ ನೋಡಿ, ಪರಮೇಶಿಯ ಕಡೆ ತಿರುಗಿದಳು.

"ಜರುಗು ಅತ್ಲಾಗೆ. ಆರತಿ ಎತ್ತಬೇಕು, ಇವರು ಬಂದ್ರು."

"ಅಕ್ಕಾ, ಗಾಡಿ ಕಾಯ್ತೈತೆ."

"ಕಾಯ್ಲಿ."

"ವಾರವಾರ ಫೋನು ಮಾಡಿ ಒಯ್ಯಿ ಒಯ್ಯಿ ಅಂದೋಳು ನೀನೇ ತಾನೇ?"

"ಅಂದಿದ್ದೆ. ಮೂವತ್ತೊಂದು ವರ್ಷ ಇವರಿಗೂ ಅಂದೀನಿ, ಆ ಬಸ್ಸಿನ ಕೆಲಸ ಬಿಡ್ರಿ ಅಂತ. ಬಿಟ್ರೇನು? ನಾನಂದದ್ದನ್ನೆಲ್ಲ ಮಾಡ್ತಾ ಹೋದ್ರೆ ಊರು ಉಳೀತೈತಾ?"

ಪರಮೇಶಿ ನೆರವಿಗೆ ಜಗಲಿಯ ಕಡೆ ನೋಡಿದ. "ನೀವಾದ್ರೂ ಹೇಳ್ರಿ ಭಾವ."

"ಹಗ್ಗ ಇಸ್ಕೊಂಡೋಳು ಅವಳು," ಎಂದ ತಿಪ್ಪೇಶಪ್ಪ. ಜಗಲಿಯ ಕಂಬ ಹಿಡಿದುಕೊಂಡ.

ಪರಮೇಶಿ ತಲೆ ಕೆರೆದುಕೊಂಡು ಕೊನೆಯ ದಾರಿ ಹುಡುಕಿದ. "ಹೋಗ್ಲಿ ಬಿಡಕ್ಕಾ. ಒಂದೇ ಒಂದಿನ ಕೊಡು. ಮಹೇಶ್ವರಪ್ಪನೋರ ಮಗನ ಮದುವೆ ಮೆರವಣಿಗೆ ಮುಗಿಸ್ಕೊಂಡು ಸಂಜೆಗೆ ನಾನೇ ತಂದು ಕಟ್ತೀನಿ."

"ಸಂಜೆ ಗುಳಿಗೆ ಹೊತ್ತು ಯಾರು ಹೇಳ್ತಾರೆ, ನಿಮ್ಮ ಮಹೇಶ್ವರಪ್ಪನೋರಾ?"

ಹನುಮಂತಮ್ಮ ಬೆಲ್ಲದ ಚೂರನ್ನು ಶಾವಿಗೆಯ ಬಾಯಿಗಿಟ್ಟಳು. ಹಗ್ಗವನ್ನು ಸೆರಗಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಒಂದಿನಕ್ಕೂ ಕೊಡಲ್ಲ," ಎಂದಳು.